ಬಾಟಲಿಯ ಹಿಂದಿನ ನಂಬರಿನಲ್ಲಿ ನಾನಿದ್ದೆ

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಒಬ್ಬ ಆರೋಗ್ಯವಂತ ಗರ್ಭಿಣಿಯನ್ನು ಆಸ್ಪತ್ರೆಗೆ ಓಡಿಸಿಬಿಡುವವಳಿದ್ದೆ. ಫೋನು ಎತ್ತಿ ನಮಸ್ಕಾರ ಹೇಳುವಷ್ಟರಲ್ಲೇ ಆ ಕಡೆಯ ಗಂಡಸು, "ಮೇಡಂ, ಮೇರಿ ಬೀವಿ ಪ್ರೆಗ್ನೆಂಟ್ ಹೈ. ಉಸ್‌ನೇ ಆಪ್‌ಕಾ ಏಕ್ ಢಕ್ಕನ್ ಲಿಯಾ. ಕುಛ್ ಹೋಗಾ ತೋ ನಹೀಂ?" ಎಂದ. ಬಸುರಿ ಹೆಂಡತಿ ನಮ್ಮ ದ್ರಾವಣ ಒಂದು ಮುಚ್ಚಳ ತೆಗೆದುಕೊಂಡಳಂತೆ, ಏನೂ ಆಗುವುದಿಲ್ಲವಷ್ಟೇ ಎಂದು ಕೇಳುತ್ತಿದ್ದಾನೆ! ನಮ್ಮ ಕಂಪನಿಯ ಆಂಟಿಸೆಪ್ಟಿಕ್ ದ್ರಾವಣ ಗಾಯ ತೊಳೆಯುವುದಕ್ಕೆ, ಸ್ನಾನದ ನೀರಿಗೆ ಬೆರೆಸುವುದಕ್ಕೆ ಇರುವಂಥದ್ದು. ಹೊಟ್ಟೆಗೆ ಹೋಗಬೇಕಾದ ವಸ್ತುವಲ್ಲ. ನಾನು ಕುರ್ಚಿಯಿಂದ ಎದ್ದೇ ನಿಂತೆ. ವಾಂತಿ ಮಾಡಿಸಬೇಡಿ, ಬಾಟಲಿ ಹಿಡಿದುಕೊಂಡು ಹತ್ತಿರದ ಆಸ್ಪತ್ರೆಗೆ ಹೊರಡಿ, ರಿಕ್ಷಾ ಸಿಗದಿದ್ದರೆ ಪಕ್ಕದ ಮನೆಯವರನ್ನು ಕರೆಯಿರಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಆತ, "ಲೇಕಿನ್ ಮೇಡಂ, ವೋ ತೋ ನಹಾ ಕೇ ಪೋಹಾ ಖಾ ರಹೀ ಹೈ" ಎಂದ.

ಆಕೆ ಮುಚ್ಚಳ ತೆಗೆದುಕೊಂಡದ್ದು ಬಕೆಟ್ಟಿನ ನೀರಿಗೆ. ಸ್ನಾನವೂ ಆಗಿ, ಅವಲಕ್ಕಿಯೂ ಅರ್ಧ ಮುಗಿದಿತ್ತು. ನಾನು ಮೆಲ್ಲಗೆ ಕುಳಿತುಕೊಂಡೆ. ಅಂದಿನಿಂದ ಯಾರೇ "ಲಿಯಾ" ಎಂದರೂ, ಬಾಯಿಗೋ ಬಕೆಟ್ಟಿಗೋ ಎಂದು ಮೊದಲು ಕೇಳಿಕೊಂಡೇ ನಾನು ಗಾಬರಿಯಾಗುತ್ತಿದ್ದದ್ದು.

ನಾನು ಸುಮತಿ. ಉಡುಪಿಯಲ್ಲಿ ಹುಟ್ಟಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಥಾಣೆಯ ಮಾಜಿವಾಡಾ ನಾಕಾದ ಬಳಿ ಒಂದು ಸೋಪಿನ ಕಂಪನಿಯ ಆಫೀಸು. ಬಾಟಲಿಯ ಹಿಂಬದಿಯಲ್ಲಿ ಸಣ್ಣಗೆ ಅಚ್ಚಾಗಿರುತ್ತದಲ್ಲ ಗ್ರಾಹಕರಿಗೆಂದು ಒಂದು ಫೋನ್ ನಂಬರು, ಅದಕ್ಕೆ ಉತ್ತರ ಹೇಳುವ ಕೆಲಸದಲ್ಲಿದ್ದು ನಿವೃತ್ತಳಾದೆ. ಸೋಪು, ಹ್ಯಾಂಡ್‌ವಾಶ್, ಆಂಟಿಸೆಪ್ಟಿಕ್ ದ್ರಾವಣ, ಅಯೋಡಿನ್ ಮುಲಾಮು, ಇಷ್ಟು ನಮ್ಮ ಸರಕು. ಯಾವ ವರ್ಷ ನನಗೆ ಯಾವ ಹುದ್ದೆ ಸಿಕ್ಕಿತೆಂಬುದು ನನ್ನ ಗಂಡನಿಗೂ ನೆನಪಿಲ್ಲ, ಆದ್ದರಿಂದ ಅದನ್ನು ಬಿಡುತ್ತೇನೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು, ಆಂಟಿ, ಅಲ್ಲಿ ಏನಿರುತ್ತದೆ, ಬೋರ್ ಅಲ್ಲವಾ ಎಂದು ಕೇಳುತ್ತಾರೆ. ಅವರಿಗಾಗಿ ಇದು.

ಬಾಟಲಿಯ ಹಿಂದಿನ ನಂಬರಿಗೆ ಯಾರೂ ಫೋನ್ ಮಾಡುವುದಿಲ್ಲ ಎಂದು ತಿಳಿಯಬೇಡಿ. ಮಾಡುತ್ತಾರೆ. ಅದರಲ್ಲೂ ಮನೆಯಲ್ಲಿ ಒಬ್ಬಳು ಗರ್ಭಿಣಿಯಾದರೆ ಸಾಕು, ಅಲ್ಲಿಯವರೆಗೆ ಬಾಟಲಿಯ ಮುಂಭಾಗವನ್ನಷ್ಟೇ ನೋಡಿದ್ದವರು ಹಿಂಭಾಗವನ್ನೂ ಓದತೊಡಗುತ್ತಾರೆ. ಓದಿದ್ದು ಅರ್ಥವಾಗುವುದಿಲ್ಲ. ಉದ್ದುದ್ದ ರಾಸಾಯನಿಕದ ಹೆಸರುಗಳು. ಹೆದರಿಕೆಯಾಗುತ್ತದೆ. ಆಗ ನಮ್ಮ ಫೋನು ಗಣಗುಟ್ಟುತ್ತದೆ.

ನಮ್ಮ ವಿಭಾಗದ ಮೇಲಧಿಕಾರಿ ಪ್ರಧಾನ್ ಸಾಹೇಬರು. ಥಾಣೆಯ ಹಳೆಯ ಮರಾಠಿ ಮನೆತನದವರು, ಕಾನೂನು ಓದಿದವರು. ಯಾರಿಗಾದರೂ ಗುಡ್ ಮಾರ್ನಿಂಗ್ ಹೇಳುವ ಮುಂಚೆಯೂ ಇದರಿಂದ ಕಂಪನಿಗೆ ಏನಾದರೂ ಹೊಣೆ ಬಂದೀತೇ ಎಂದು ಒಂದು ಕ್ಷಣ ಯೋಚಿಸುವ ಜಾತಿ. ಗರ್ಭಿಣಿಯರ ಕರೆಗೆ ಅವರು ಒಂದೇ ಉತ್ತರ ಬರೆದುಕೊಟ್ಟಿದ್ದರು: "ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ದಯವಿಟ್ಟು ತಮ್ಮ ವೈದ್ಯರನ್ನು ಸಂಪರ್ಕಿಸಬೇಕು." ಅದರಿಂದಾಚೆಗೆ ಒಂದು ಅಕ್ಷರವನ್ನೂ ನಾವು ಆಡುವಂತಿರಲಿಲ್ಲ.

ಥಾಣೆಯ ಪಕ್ಕದ ಕಳವಾ ಎಂಬಲ್ಲಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಆ ಸಾಲನ್ನು ಮರಾಠಿಯಲ್ಲಿ ಒಪ್ಪಿಸಿದೆ. ಆಕೆ, ಡಾಕ್ಟರನ್ನು ಕೇಳಿದೆ, ಅವರೇ ಬಾಟಲಿಯ ಹಿಂದೆ ನಂಬರಿದೆ, ಕಂಪನಿಯವರನ್ನು ಕೇಳು ಎಂದರು ಎಂದಳು. ನಾನು ಮತ್ತೆ, ದಯವಿಟ್ಟು ನಿಮ್ಮ ವೈದ್ಯರನ್ನು ಸಂಪರ್ಕಿಸಿ ಎಂದೆ. "ಅಹೋ ಬಾಯಿ, ಡಾಕ್ಟರ್ ಮ್ಹಣತಾತ ತುಮ್ಹಾಲಾ ವಿಚಾರಾ, ತುಮ್ಹೀ ಮ್ಹಣತಾ ಡಾಕ್ಟರ್‌ಲಾ ವಿಚಾರಾ. ಮಗ್ ಮೀ ವಿಚಾರೂ ಕುಣಾಲಾ? ವಾಚ್‌ಮನ್‌ಲಾ?" ಎಂದಳು. ಡಾಕ್ಟರು ನಿಮ್ಮನ್ನು ಕೇಳು ಎನ್ನುತ್ತಾರೆ, ನೀವು ಡಾಕ್ಟರನ್ನು ಕೇಳು ಎನ್ನುತ್ತೀರಿ, ಮತ್ತೆ ಕೇಳುವುದು ಯಾರನ್ನು, ವಾಚ್‌ಮನ್ನನನ್ನೇ? ವಿಚಾರಿಸಿ ಹೇಳುತ್ತೇನೆ ಎಂದೆ. ಫೋನು ಇಟ್ಟು, ಮೆಟ್ಟಿಲು ಹತ್ತಿ ಮೇಲಿನ ಮಹಡಿಯ ಪ್ರಯೋಗಾಲಯಕ್ಕೆ ಹೋದೆ.

ಅಲ್ಲಿ ಶೆಣೈ ಸರ್ ಇದ್ದರು. ಮಂಗಳೂರಿನವರು, ಕಂಪನಿಯ ಹಿರಿಯ ರಸಾಯನಶಾಸ್ತ್ರಜ್ಞರು. ಅವರ ಬಿಳಿ ಕೋಟಿನ ಜೇಬಿನಲ್ಲಿ ಯಾವಾಗಲೂ ಪೆನ್ನಿನ ಜೊತೆ ಒಂದು ಚಮಚ ಇರುತ್ತಿತ್ತು, ಕ್ಯಾಂಟೀನಿನ ಚಮಚದ ಮೇಲೆ ನಂಬಿಕೆಯಿಲ್ಲದ್ದರಿಂದ. ನಾನು, "ಸರ್, ನಮ್ಮ ದ್ರಾವಣ ಗರ್ಭಿಣಿಯರಿಗೆ ಸೇಫಾ?" ಎಂದು ಕೇಳಿದೆ.

"ಉಪ್ಪು ಸೇಫಾ?" ಎಂದು ಅವರು ನನ್ನನ್ನೇ ಕೇಳಿದರು. "ಸಾರಿಗೆ ಹಾಕಿದ್ರೆ ಸೇಫು. ಒಂದು ಮುಷ್ಟಿ ಬಾಯಿಗೆ ಹಾಕಿದ್ರೆ? ಹಾಗೆ ಒಟ್ಟಾರೆ ಕೇಳಿದ್ರೆ ನನ್ನತ್ರ ಉತ್ತರ ಇಲ್ಲ ಸುಮತಿ. ಎಂತದು ಹಚ್ತಾರೆ, ಎಲ್ಲಿಗೆ ಹಚ್ತಾರೆ, ಹಚ್ಚಿ ತೊಳೀತಾರಾ ಹಾಗೇ ಬಿಡ್ತಾರಾ, ಎಷ್ಟು ದಿನದಿಂದ, ಅದನ್ನೆಲ್ಲ ಕೇಳಿಕೊಂಡು ಬನ್ನಿ."

ಆಮೇಲಿನ ವರ್ಷಗಳಲ್ಲಿ ಊಟದ ಬಿಡುವಿನಲ್ಲಿ ಅವರು ನನಗೆ ಹೇಳಿಕೊಟ್ಟದ್ದೇ ನನ್ನ ವಿದ್ಯೆ. ಗಾಯವಿಲ್ಲದ ಚರ್ಮ ಗೋಡೆಯಿದ್ದಂತೆ. ಕೈಗೆ ಸೋಪು ಹಚ್ಚಿ ತೊಳೆದರೆ ಒಳಗೆ ಹೋಗುವುದು ತೀರಾ ಕಡಿಮೆ. ಗಾಯ, ಹೊಲಿಗೆ, ಸುಟ್ಟ ಜಾಗ, ಬಾಯಿಯ ಒಳಗು ಇವೆಲ್ಲ ತೆರೆದ ಬಾಗಿಲುಗಳು. ಅಲ್ಲಿಂದ ನುಗ್ಗಿದ್ದು ತಾಯಿಯ ರಕ್ತಕ್ಕೂ, ಹಾಲಿಗೂ ಬರಬಹುದು. ಬೇರೆಲ್ಲದಕ್ಕಿಂತ ಅಯೋಡಿನ್ನಿನ ವಿಷಯದಲ್ಲಿ ಹೆಚ್ಚು ಜೋಪಾನ ಬೇಕು. ಅದು ಹೆಚ್ಚಾದರೆ ಮಗುವಿನ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸ ನಿಧಾನ ಮಾಡೀತು. ಒಂದೆರಡು ಸಲ ಸಣ್ಣ ಗಾಯಕ್ಕೆ ಹಚ್ಚಿದರೆ ಹೆದರಬೇಕಾಗಿಲ್ಲ. ದಿನಾ ಬಳಿಯುವುದಾದರೆ ಡಾಕ್ಟರಿಗೆ ತಿಳಿದಿರಲೇಬೇಕು. ಮೊಲೆತೊಟ್ಟಿಗೆ ಬೋರಿಕ್ ಪುಡಿ ಹಚ್ಚುವ ಹಳೆಯ ಚಾಳಿ ಬೇಡವೇ ಬೇಡ, ಅದು ಮಗುವಿನ ಬಾಯಿಗೇ ಹೋಗುತ್ತದೆ. ಇಷ್ಟು ಹೇಳಿ, ಆಚೀಚೆ ನೋಡಿ, ದನಿ ತಗ್ಗಿಸಿ, "ಮನೆಯಲ್ಲಿ ಕೈ ತೊಳೀಲಿಕ್ಕೆ ಸಾದಾ ಸೋಪು, ನೀರು ಸಾಕು ಮಾರಾಯ್ರೆ. ನಾನು ಹೇಳಿದ್ದೆಂತ ಕೆಳಗೆ ಹೇಳ್ಬೇಡಿ" ಎನ್ನುತ್ತಿದ್ದರು. ಅವರ ಸಂಬಳ ಬರುತ್ತಿದ್ದದ್ದು ಸಾದಾ ಅಲ್ಲದ ಸೋಪಿನಿಂದ.

ಒಂದು ದಿನ ಕಲ್ಯಾಣದಿಂದ ಭಟ್ಟರೊಬ್ಬರು ಫೋನ್ ಮಾಡಿದರು. ಸ್ಟೇಷನ್ನಿನ ಹತ್ತಿರ ಶಾಕಾಹಾರಿ ಹೋಟೆಲು ನಡೆಸುವವರು. ನನ್ನ ಹಿಂದಿಯಲ್ಲೇ ಊರು ಪತ್ತೆ ಮಾಡಿ ಕನ್ನಡಕ್ಕೆ ಹೊರಳಿದರು.

"ಮೇಡಂ, ಒಂದು ಖಾಸಗಿ ವಿಷಯ ಉಂಟು. ನನ್ನ ಹೆಂಡತಿಗೆ ಐದು ತಿಂಗಳು. ಅವಳು ನಿಮ್ಮ ಸೋಪು ಮೂಸ್ತಾಳೆ."

"ಸ್ನಾನ ಮಾಡುವಾಗ ಎಲ್ಲರೂ ಮೂಸ್ತಾರಲ್ಲ ಭಟ್ರೆ?"

"ಸ್ನಾನಕ್ಕಲ್ಲ ಮೇಡಂ, ಟೀವಿ ನೋಡುವಾಗ. ಕರ್ಚೀಫಿನಲ್ಲಿ ಸುತ್ತಿ ಇಟ್ಕೊಂಡಿದ್ದಾಳೆ. ಬಯಕೆ ಅಂತ ಶೀರಾ ಮಾಡಿಸ್ಲಾ, ಗೋಳಿಬಜೆ ಮಾಡಿಸ್ಲಾ ಕೇಳಿದ್ರೆ, ಎಂತದೂ ಬೇಡ, ಹೊಸ ಸೋಪು ತನ್ನಿ ಹೇಳ್ತಾಳೆ. ಅಡುಗೆಯವರ ಎದುರು ನನ್ನ ಮರ್ಯಾದೆ ಹೋಗ್ತಾ ಉಂಟು."

"ಮೂಸುವುದು ಮಾತ್ರವಾ?"

ಆ ಕಡೆ ಪಾತ್ರೆಗಳ ಸದ್ದು ದೂರವಾಯಿತು. ಆಮೇಲೆ ಭಟ್ಟರು ಗುಟ್ಟಿನ ದನಿಯಲ್ಲಿ, "ಮೊನ್ನೆ ಸೋಪಿನ ಒಂದು ಮೂಲೆ ಕಾಣ್ಲಿಲ್ಲ" ಎಂದರು.

ಇದನ್ನು ಹೇಳಿದಾಗ ಶೆಣೈ ಸರ್ ನಗಲಿಲ್ಲ. ಗರ್ಭಿಣಿಯರಿಗೆ ಮಣ್ಣು, ಸೀಮೆಸುಣ್ಣ, ಸೋಪು ಇಂಥದ್ದರ ಮೇಲೆ ಆಸೆಯಾದರೆ ಕೆಲವೊಮ್ಮೆ ಮೈಯಲ್ಲಿ ಕಬ್ಬಿಣದಂಶ ಕಡಿಮೆಯಿರುತ್ತದೆ, ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಲಿ, ಸೋಪು ಕೈಗೆ ಸಿಗದ ಹಾಗೆ ಇಡಲಿ ಎಂದರು. ಬರೆದುಕೊಟ್ಟ ಉತ್ತರವನ್ನು ಪಕ್ಕಕ್ಕಿಟ್ಟು ಹಾಗೇ ಹೇಳಿದೆ. ಕೆಲವು ವಾರ ಕಳೆದು ಭಟ್ಟರು ಮತ್ತೆ ಫೋನ್ ಮಾಡಿದರು. ರಕ್ತ ಕಡಿಮೆ ಇತ್ತಂತೆ, ಮಾತ್ರೆ ಶುರುವಾಗಿದೆಯಂತೆ, ಈಗ ಹೆಂಡತಿ ಶೀರಾ ಕೇಳುತ್ತಾಳಂತೆ. "ಆದ್ರೆ ಮೇಡಂ, ನನಗೇ ಈಗ ಆ ವಾಸನೆ ಇಲ್ಲದಿದ್ರೆ ಟೀವಿ ನೋಡಿದ ಹಾಗೆ ಆಗುದಿಲ್ಲ" ಎಂದರು.

ಸೋಪಿನ ವಾಸನೆಯ ಮಾತು ಬಂತಲ್ಲ, ಅದು ಬದಲಾದ ಕಾಲದ್ದೂ ಒಂದು ಕಥೆಯುಂಟು. ಟ್ರೈಕ್ಲೋಸಾನ್ ಎಂಬ ಕ್ರಿಮಿನಾಶಕ ವಸ್ತು ಆಗ ನಮ್ಮ ಸೋಪಿನಲ್ಲಿತ್ತು. ಸಾದಾ ಸೋಪಿಗಿಂತ ಅದರಿಂದ ಮನೆಗಳಲ್ಲಿ ಹೆಚ್ಚಿನ ಉಪಯೋಗವೇನೂ ಕಾಣುವುದಿಲ್ಲ, ಹಾರ್ಮೋನುಗಳ ಮೇಲೆ ಏನು ಮಾಡುತ್ತದೋ ಸರಿಯಾಗಿ ತಿಳಿಯದು ಎಂದು ಹೊರದೇಶಗಳಲ್ಲಿ ಅದನ್ನು ತೆಗೆಸತೊಡಗಿದರು. ನಮ್ಮವರೂ ಸದ್ದಿಲ್ಲದೆ ತೆಗೆದರು. ಪೊಟ್ಟಣದ ಮೇಲೆ ಸುಧಾರಿತ ಎಂದು ಅಚ್ಚಾಯಿತು. ಯಾಕೆ ವಾಸನೆ ಬೇರೆಯಾಗಿದೆ ಎಂದು ಯಾರಾದರೂ ಕೇಳಿದರೆ "ಇದು ಸುಧಾರಿತ ಸೋಪು" ಎನ್ನಬೇಕು, ಅಷ್ಟೇ. ವಾಶಿಯ ಒಬ್ಬ ನಿವೃತ್ತ ಶಿಕ್ಷಕಿ, "ಸುಧಾರಿಸಿದ್ದು ಅಂದರೆ ಮೊದಲು ಕೆಟ್ಟಿತ್ತೇ? ನನ್ನ ಸೊಸೆ ಒಂಬತ್ತು ತಿಂಗಳೂ ಕೆಟ್ಟದ್ದರಲ್ಲಿ ಸ್ನಾನ ಮಾಡಿದಳೇ?" ಎಂದು ಕೇಳಿದರು. ಪ್ರಧಾನ್ ಸಾಹೇಬರಿಗೆ ಇದನ್ನು ತಿಳಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ಇನ್ನು ಮೇಲೆ ಸುಧಾರಿತ ಎನ್ನಬೇಡಿ, ಹೊಸದು ಎನ್ನಿ ಎಂದು ಅಪ್ಪಣೆ ಕೊಟ್ಟರು. ಮರುದಿನ ಇನ್ನೊಬ್ಬರು, "ಹೊಸದಾ? ಹಾಗಾದ್ರೆ ಇನ್ನೂ ಯಾರ ಮೇಲೂ ಪರೀಕ್ಷೆ ಆಗಿಲ್ವಾ?" ಎಂದರು.

ಮಾರಾಟ ವಿಭಾಗದ ಹುಡುಗರಿಗೆ ಒಮ್ಮೆ ತಾಯಂದಿರಿಗಾಗಿಯೇ ಒಂದು ಗುಲಾಬಿ ಬಾಟಲಿ ತರುವ ಹುರುಪು ಬಂತು. ಅದರ ಮೇಲೆ "ಗರ್ಭಿಣಿಯರಿಗೂ ನೂರಕ್ಕೆ ನೂರು ಸುರಕ್ಷಿತ" ಎಂದು ಬರೆಯಬೇಕಂತೆ. ಜನ ಏನೇನು ಕೇಳುತ್ತಾರೆ ಎಂದು ಹೇಳಲಿಕ್ಕೆ ನನ್ನನ್ನೂ ಮೀಟಿಂಗಿಗೆ ಕರೆದಿದ್ದರು. ಶೆಣೈ ಸರ್ ಸಹಿ ಹಾಕಲು ಒಪ್ಪಲಿಲ್ಲ.

"ತೊಂದರೆ ಆದದ್ದು ನನಗೆ ಗೊತ್ತಿಲ್ಲ ಅಂತ ಬರೀರಿ, ಸಹಿ ಹಾಕ್ತೇನೆ. ತೊಂದರೆ ಆಗುದೇ ಇಲ್ಲ ಅಂತ ಬರೆದ್ರೆ ಹಾಕುದಿಲ್ಲ. ಎರಡೂ ಒಂದಲ್ಲ" ಎಂದು ಅವರು ಇಂಗ್ಲಿಷಿನಲ್ಲಿ ಹೇಳಿ, ನನಗಾಗಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು.

"ನನಗೆ ಗೊತ್ತಿಲ್ಲ ಎಂದು ಬಾಟಲಿಯ ಮೇಲೆ ಬರೆದರೆ ಯಾರು ಕೊಳ್ಳುತ್ತಾರೆ ಸರ್?" ಎಂದ ಮಾರಾಟದ ಹುಡುಗ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆ ಮೀಟಿಂಗಿನಲ್ಲಿ ಎರಡು ಸಲ ಚಹಾ ಬಂತು, ಒಂದು ಸಲ ವಡಾಪಾವ್ ಬಂತು. ಕೊನೆಗೆ ಬಾಟಲಿಯ ಮೇಲೆ ಒಬ್ಬ ತಾಯಿಯ ಚಿತ್ರವನ್ನು ಮಾತ್ರ ಹಾಕಿ, ಏನನ್ನೂ ಬರೆಯದೆ ಬಿಟ್ಟರು. ಒಳಗಿದ್ದದ್ದು ಅದೇ ಹಳೆಯ ದ್ರಾವಣ. ಪ್ರಧಾನ್ ಸಾಹೇಬರು ಚಿತ್ರದಲ್ಲಿದ್ದ ತಾಯಿ ನಗುತ್ತಿರುವುದನ್ನು ಕಂಡು, ಈ ನಗುವನ್ನು ಭರವಸೆ ಎಂದು ಕೋರ್ಟು ತಿಳಿದೀತೇ ಎಂದು ಕೇಳಿದರು.

ಕೊರೊನಾ ಬಂದಾಗ ಮನೆಯಿಂದಲೇ ಫೋನು ತೆಗೆದುಕೊಳ್ಳುತ್ತಿದ್ದೆವು. ನನ್ನ ಗಂಡ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಸದ್ದು ಗ್ರಾಹಕರಿಗೂ ಕೇಳುತ್ತಿತ್ತು. ನಿಮ್ಮ ದ್ರಾವಣದಲ್ಲಿ ಟೊಮೆಟೊ ತೊಳೆದೆ, ಸಾರು ಆಸ್ಪತ್ರೆಯ ವಾಸನೆ ಬರುತ್ತಿದೆ ಎಂದು ಒಬ್ಬರು. ಇನ್ನೊಬ್ಬಳು ಎಳೆಯ ತಾಯಿ, ಐರೋಲಿಯವಳು, ಮಗುವಿಗೆ ಹಾಲು ಕೊಡುವ ಮೊದಲು ಪ್ರತಿ ಸಲ ಎದೆಗೂ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಿದ್ದಳು. ಉರಿಯುತ್ತದೆ, ಬಿರುಕು ಬಿಟ್ಟಿದೆ, ಆದರೂ ಮಗುವಿಗಾಗಿ ತಡೆದುಕೊಳ್ಳುತ್ತೇನೆ ಎಂದಳು. ಬೇಡ ಮಗಳೇ, ಕೈಯನ್ನು ಸೋಪಿನಿಂದ ತೊಳೆದರೆ ಸಾಕು, ಎದೆಗೆ ಅದೇನೂ ಬೇಡ, ಬಿರುಕನ್ನು ಡಾಕ್ಟರಿಗೆ ತೋರಿಸು ಎಂದೆ. ಫೋನಿನಲ್ಲೇ ಅತ್ತುಬಿಟ್ಟಳು. ಅಷ್ಟು ದಿನ ಉರಿ ಸಹಿಸಿದ್ದಳು ಪಾಪ, ಯಾರೂ ಬೇಡ ಎಂದಿರಲಿಲ್ಲ.

ನಾವು ಆಫೀಸಿಗೆ ಮರಳಿದ ಮೇಲೆ ಯಂತ್ರ ಬಂತು. ಜನ ಮೊಬೈಲಿನಲ್ಲಿ ಪ್ರಶ್ನೆ ಟೈಪ್ ಮಾಡಿದರೆ ಕಂಪ್ಯೂಟರೇ ಉತ್ತರಿಸುತ್ತದೆ, ನೀವು ಆರಾಮವಾಗಿರಿ ಎಂದು ನಮಗೆ ಹೇಳಿದರು. ಮೊದಲ ದಿನವೇ ಒಬ್ಬಳು "ಮೈಂ ಪೇಟ್ ಸೇ ಹೂಂ" ಎಂದು ಬರೆದಳು. ಹಿಂದಿಯಲ್ಲಿ ಹಾಗೆಂದರೆ ನಾನು ಬಸುರಿ ಎಂದರ್ಥ. ಯಂತ್ರಕ್ಕೆ ಪೇಟ್ ಎಂಬುದು ಮಾತ್ರ ಗೊತ್ತಾಗಿ, ನಿಮ್ಮ ಹೊಟ್ಟೆ ಕೆಟ್ಟಿರುವುದಕ್ಕೆ ವಿಷಾದವಿದೆ, ಊಟಕ್ಕೆ ಮುಂಚೆ ನಮ್ಮ ಸೋಪಿನಿಂದ ಕೈ ತೊಳೆಯಿರಿ ಎಂದಿತು. ಆಕೆ ನಾಲ್ಕು ತಿಂಗಳಾಯಿತು ಎಂದು ಬರೆದಳು. ನಾಲ್ಕು ತಿಂಗಳಿಂದ ಹೊಟ್ಟೆ ಕೆಟ್ಟಿದ್ದರೆ ಕೂಡಲೇ ವೈದ್ಯರನ್ನು ಕಾಣಿ ಎಂದಿತು ಯಂತ್ರ. ಪ್ರಧಾನ್ ಸಾಹೇಬರು ಮಾತ್ರ ಇದನ್ನು ಓದಿ, ವೈದ್ಯರನ್ನು ಕಾಣಿ ಎಂದು ಹೇಳಿದೆಯಲ್ಲ, ಸರಿಯಾಗಿಯೇ ಇದೆ ಎಂದರು.

ನಾನು ಈ ಬರಹ ಬರೆಯಲು ಹೊರಟದ್ದು ಮುಖ್ಯವಾಗಿ ಕಮಲಕ್ಕನ ಕಥೆಗಾಗಿ.

ಖಾರಘರದಿಂದ ಪ್ರಜ್ವಲ್ ಎಂಬ ಹುಡುಗ ಫೋನ್ ಮಾಡಿದ. ಐಟಿಯವನು. ಅದಕ್ಕೆ ಮೊದಲು ನಮ್ಮ ಯಂತ್ರದ ಜೊತೆ ಜಗಳವಾಡಿ, ಕೊನೆಗೆ ಅದರಿಂದ ಹ್ಯಾಂಡ್‌ವಾಶಿನ ರಿಯಾಯಿತಿ ಕೂಪನ್ ಪಡೆದು, ಕೆಂಡವಾಗಿದ್ದ. "ಆಪ್ ಲೋಗ್ ಕೆಮಿಕಲ್ ಬೇಚ್‌ತೇ ಹೋ. ಮೇರೀ ಬೇಟೀ ಕಾ ಥೈರಾಯ್ಡ್ ರಿಪೋರ್ಟ್ ಗಡಬಡ್ ಆಯಾ ಹೈ!" ಎಂದು ಕೂಗಿದ. ನಾವು ಕೆಮಿಕಲ್ ಮಾರುವವರು, ಅವನ ಮಗಳ ಥೈರಾಯ್ಡ್ ರಿಪೋರ್ಟು ಕೆಟ್ಟು ಬಂದಿದೆ. ಹೆಂಡತಿ ಸ್ನೇಹಾಳಿಗೆ ಸಿಸೇರಿಯನ್ ಆಗಿ ಕೆಲವೇ ವಾರಗಳಾಗಿದ್ದವು. ಹಸುಗೂಸಿನ ರಕ್ತದಲ್ಲಿ ಥೈರಾಯ್ಡಿನ ಲೆಕ್ಕ ಸರಿ ಬರಲಿಲ್ಲ, ಮುಂದಿನ ವಾರ ಇನ್ನೊಮ್ಮೆ ನೋಡೋಣ ಎಂದು ಡಾಕ್ಟರು ಹೇಳಿದ್ದರು. ಇವನು ಇಂಟರ್ನೆಟ್ಟಿನಲ್ಲಿ ಹುಡುಕಿ, ಇದಕ್ಕೆ ಮನೆಯ ಹ್ಯಾಂಡ್‌ವಾಶೇ ಕಾರಣ ಎಂದು ತೀರ್ಮಾನಿಸಿದ್ದ. ನಾನು ಹ್ಯಾಂಡ್‌ವಾಶ್ ಬಿಟ್ಟು ಬೇರೇನಾದರೂ ಹಚ್ಚುತ್ತೀರಾ ಎಂದು ಕೇಳಿದೆ. "ವೋ ಸಬ್ ಮಮ್ಮಿ ಕೋ ಪತಾ ಹೈ" ಎಂದು, ಅದೆಲ್ಲ ಗೊತ್ತಿದ್ದ ತಾಯಿಯ ಕೈಗೆ ಫೋನು ಕೊಟ್ಟ.

"ಹಲೋ! ಹಮ್ ಕ್ಯಾ ಗಲತ್ ಕಿಯಾ? ಹಮ್ ಬಚ್ಚೇ ಕೋ ಎಂತದೂ... ಕುಛ್ ಭೀ ನಹೀಂ ಲಗಾಯಾ!" ಎಂದಿತು ಹೆಂಗಸೊಬ್ಬಳ ಗಟ್ಟಿ ದನಿ. ತಪ್ಪೇನೂ ಮಾಡಿಲ್ಲ, ಮಗುವಿಗೆ ಏನೂ ಹಚ್ಚಿಲ್ಲವಂತೆ.

"ಅಮ್ಮಾ, ನೀವು ಕನ್ನಡದವರಾ?"

"ಅಯ್ಯೋ ದೇವರೇ! ನೀವು ಊರಿನವರಾ? ಯಾವ ಊರು?"

"ಉಡುಪಿ."

"ಉಡುಪಿಯಲ್ಲಿ ಎಲ್ಲಿ? ಯಾರ ಮಗಳು?"

ನನ್ನ ತಾಯಿಯ ತವರು ಕಾಪು ಎಂಬುದು, ಈ ಕಮಲಕ್ಕನ ಅಕ್ಕನನ್ನು ಮದುವೆ ಮಾಡಿ ಕೊಟ್ಟದ್ದೂ ಕಾಪುವಿಗೇ ಎಂಬುದು ಇತ್ಯರ್ಥವಾಗುವವರೆಗೆ ಹಸುಗೂಸಿನ ಮಾತು ನಿಂತಿತ್ತು. ಹಿಂದಿನಿಂದ ಪ್ರಜ್ವಲ್, "ಮಮ್ಮಿ, ಕಂಪ್ಲೇಂಟ್!" ಎಂದು ಕೂಗುತ್ತಿದ್ದ. ಈ ಮಾತುಕತೆ ಗುಣಮಟ್ಟಕ್ಕಾಗಿ ಧ್ವನಿಮುದ್ರಣವಾಗುತ್ತಿತ್ತು. ಸಂಬಂಧ ಗಟ್ಟಿಯಾದ ಮೇಲೆ ಕಮಲಕ್ಕ, ಮಗನಿಗೆ ಹೇಳದ್ದನ್ನೂ ನನಗೆ ಹೇಳಿದರು.

"ಇಲ್ಲಿನ ಧೂಳು ನಿಮಗೆ ಗೊತ್ತುಂಟಲ್ಲ. ಸೊಸೆಯ ಹೊಲಿಗೆಗೆ ನಿಮ್ಮದೇ ಆ ಕಂದು ಮುಲಾಮು. ಆಸ್ಪತ್ರೆಯವರು ಎರಡು ದಿನ ಹಚ್ಚಿ ಅಂದಿದ್ರು. ನಾನು ಬಿಡ್ಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಹೊಟ್ಟೆ ತುಂಬಾ ದಪ್ಪ ಬಳಿದು ಬಟ್ಟೆ ಕಟ್ತೇನೆ. ಎದೆ ಬಿರುಕು ಬಿಟ್ಟಿತ್ತು, ಅದಕ್ಕೂ. ಮಗುವಿನ ಹೊಕ್ಕುಳಿಗೂ ಸ್ವಲ್ಪ."

"ಡಾಕ್ಟರಿಗೆ ಇದನ್ನು ಹೇಳಿದ್ದೀರಾ ಕಮಲಕ್ಕ?"

"ಅವ್ರು ಮದ್ದು ಎಂತ ಕೊಡ್ತೀರಿ ಕೇಳಿದ್ರು. ಇದು ಮದ್ದಾ? ಹಚ್ಚುದಲ್ವಾ!"

ಕಂದು ಮುಲಾಮು ಎಂದರೆ ನಮ್ಮ ಅಯೋಡಿನ್ನಿನದ್ದು. ಒಂದು ನಿಮಿಷ ಎಂದು ಹೇಳಿ, ಅವರಿಗೆ ನಮ್ಮ ಮಾತು ಕೇಳದಂತೆ ಗುಂಡಿ ಒತ್ತಿ, ಪಕ್ಕದ ಹುಡುಗಿಯನ್ನು ಶೆಣೈ ಸರ್ ಅವರನ್ನು ಕರೆಯಲು ಓಡಿಸಿದೆ. ಅವರು ತಿನ್ನುತ್ತಿದ್ದ ಉಪ್ಪಿಟ್ಟು ಬಿಟ್ಟು, ಚಮಚ ಕೈಯಲ್ಲಿ ಹಿಡಿದೇ ಇಳಿದು ಬಂದರು. ವಿಷಯ ಕೇಳಿ, "ಇದೇ ಕಾರಣ ಅಂತ ನಾವು ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಮುಂದಿನ ವಾರದವರೆಗೆ ಕಾಯುದು ಬೇಡ. ಆ ಟ್ಯೂಬು ಹಿಡ್ಕೊಂಡು ಇವತ್ತೇ ಡಾಕ್ಟ್ರತ್ರ ಹೋಗ್ಲಿ" ಎಂದರು. ನಮ್ಮದೇ ಮುಲಾಮು ಎಂಬ ಮಾತು ಕಿವಿಗೆ ಬಿದ್ದು ಪ್ರಧಾನ್ ಸಾಹೇಬರೂ ಕ್ಯಾಬಿನ್ನಿನಿಂದ ಬಂದರು.

"ಸುಮತಿ ಮೇಡಂ, ಫಕ್ತ ಸ್ಕ್ರಿಪ್ಟ್. ಏಕ್ ಶಬ್ದ ಜಾಸ್ತ ನಾಹೀ" ಎಂದರು. ಬರೆದುಕೊಟ್ಟದ್ದು ಮಾತ್ರ, ಒಂದು ಪದವೂ ಹೆಚ್ಚು ಬೇಡ. ಮುಲಾಮಿನ ಹೆಸರೆತ್ತಿದರೆ ನಾಳೆ ಕಂಪನಿ ತಪ್ಪೊಪ್ಪಿಕೊಂಡಿದೆ ಎನ್ನುತ್ತಾರೆ. ವೈದ್ಯರನ್ನು ಸಂಪರ್ಕಿಸಿ ಎಂದಷ್ಟೇ ಹೇಳಿ ಫೋನು ಇಡಿ ಎಂದರು. ಅದಕ್ಕೆ ಶೆಣೈ ಸರ್, ಆ ಮನೆಯವರು ಮುಂದಿನ ವಾರ ಹೇಗೂ ಸಂಪರ್ಕಿಸುತ್ತಾರಲ್ಲ, ಮುಲಾಮಿನ ಮಾತು ಮಾತ್ರ ಮತ್ತೆ ಬಿಟ್ಟುಹೋಗುತ್ತದೆ ಎಂದು ರೇಗಿದರು. ಇಬ್ಬರೂ ನನ್ನ ತಲೆಯ ಮೇಲಿಂದ ಪಿಸುದನಿಯಲ್ಲೇ ಜಗಳವಾಡತೊಡಗಿದರು. ಒಬ್ಬರ ಕೈಯಲ್ಲಿ ಚಮಚ, ಇನ್ನೊಬ್ಬರ ಕೈಯಲ್ಲಿ ಪೆನ್ನು.

ಆ ಗಲಾಟೆಯಲ್ಲಿ ಯಾರದೋ ಕೈ ತಗಲಿ ಸ್ಪೀಕರ್ ಚಾಲೂ ಆಯಿತು. ನಾವು ಕೇಳುತ್ತಿದ್ದೇವೋ ಇಲ್ಲವೋ ಗೊತ್ತಿಲ್ಲದೆ ಕಮಲಕ್ಕ ತಮ್ಮ ಪಾಡಿಗೆ ಮಾತಾಡುತ್ತಲೇ ಇದ್ದರು.

"ಮಗು ಎಂತ ಒಳ್ಳೆ ಮಗು ಗೊತ್ತುಂಟಾ! ಅಳುದೇ ಇಲ್ಲ. ಹಾಲಿಗೂ ನಾವೇ ಎಬ್ಬಿಸ್ಬೇಕು. ಎರಡು ಗುಟುಕು ಕುಡೀತದೆ, ಮತ್ತೆ ನಿದ್ರೆ. ಅಕ್ಕಪಕ್ಕದವ್ರೆಲ್ಲ ಹೇಳ್ತಾರೆ, ಇಷ್ಟು ಸಾಧು, ಪಾಪದ ಮಗು ನೋಡ್ಲೇ ಇಲ್ಲ ಅಂತ."

ಶೆಣೈ ಸರ್ ಚಮಚವನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. ಪ್ರಧಾನ್ ಸಾಹೇಬರಿಗೆ ಕನ್ನಡ ಬಾರದು. "ಕಾಯ್ ಮ್ಹಣಾಲ್ಯಾ?" ಏನೆಂದರು ಎಂದು ಕೇಳಿದರು. ನಾನು ಮರಾಠಿಯಲ್ಲಿ ಹೇಳಿದೆ: ಮಗು ಅಳುವುದೇ ಇಲ್ಲವಂತೆ, ಹಾಲಿಗೂ ಏಳುವುದಿಲ್ಲವಂತೆ. ಥೈರಾಯ್ಡ್ ನಿಧಾನವಾದ ಕೂಸುಗಳು ಹೀಗೇ ಮಂಕಾಗಿರುತ್ತವೆ ಎಂದು ಶೆಣೈ ಸರ್ ಸೇರಿಸಿದರು.

ಪ್ರಧಾನ್ ಸಾಹೇಬರು ಕನ್ನಡಕ ತೆಗೆದರು. ಅವರಿಗೆ ಹಿಂದಿನ ದೀಪಾವಳಿಗೆ ಮೊಮ್ಮಗ ಹುಟ್ಟಿದ್ದ. ಅವನು ಹಗಲಿರುಳು ಅಳುತ್ತಾನೆ, ನಿದ್ದೆಯಿಲ್ಲ ಎಂದು ದಿನಾ ಆಫೀಸಿನಲ್ಲಿ ಗೊಣಗುತ್ತಿದ್ದರು. ಈಗ ಬಗ್ಗಿ, ತಾವೇ ಗುಂಡಿ ಒತ್ತಿ, ಫೋನಿನಲ್ಲಿ ಬಾಯಿಟ್ಟು ಮೀಟಿಂಗಿನ ದನಿಯಲ್ಲಿ ಕೂಗಿದರು: "ಆಜೀ! ಮೈಂ ಕಂಪನೀ ಕಾ ಸಾಹೇಬ್ ಬೋಲ್ ರಹಾ ಹೂಂ. ವೋ ಮಲಮ್ ಬಂದ್ ಕರೋ. ಟ್ಯೂಬ್ ಲೇಕೇ ಅಭೀ ಕೇ ಅಭೀ ಡಾಕ್ಟರ್ ಕೇ ಪಾಸ್ ಜಾಓ. ಕಲ್ ನಹೀಂ. ಅಭೀ!" ಆ ಮುಲಾಮು ನಿಲ್ಲಿಸಿ, ಟ್ಯೂಬು ಹಿಡಿದು ಈಗಿಂದೀಗಲೇ ಡಾಕ್ಟರ ಬಳಿ ಹೋಗಿ, ನಾಳೆಯಲ್ಲ!

ಆ ಕಡೆ ಕಮಲಕ್ಕ ಗಾಬರಿಯಾಗಿ, "ಯಾರಿದು ಗಂಡಸು?" ಎಂದರು. ನಾನು ನಮ್ಮ ಸಾಹೇಬರು ಎಂದೆ. ಸರಿ, ಹೊರಟೆವು ಎಂದು ಫೋನಿಟ್ಟರು. ಪ್ರಧಾನ್ ಸಾಹೇಬರು ಕನ್ನಡಕ ಹಾಕಿಕೊಂಡು, ತಮ್ಮ ಮಾತೂ ಧ್ವನಿಮುದ್ರಣವಾಯಿತೇ ಎಂದು ಕೇಳಿದರು. ಹೌದು ಎಂದೆ. "ಆಗಲಿ" ಎಂದು ಕ್ಯಾಬಿನ್ನಿಗೆ ಹೋದರು.

ಆ ದಿನವೇ ಡಾಕ್ಟರು ಮಗುವನ್ನು ನೋಡಿದರು. ರಕ್ತ ಮತ್ತೆ ತೆಗೆಸಿದರು, ಮುಲಾಮು ನಿಲ್ಲಿಸಿದರು, ಸ್ವಲ್ಪ ಕಾಲಕ್ಕೆಂದು ಔಷಧಿ ಶುರುಮಾಡಿದರು. ಅಯೋಡಿನ್ನೇ ಕಾರಣವಿರಬೇಕು ಎಂಬ ಗುಮಾನಿ ಅವರಿಗೂ ಬಂತಂತೆ. ಎದೆಹಾಲು ನಿಲ್ಲಿಸಬೇಡಿ, ಹಾಲಿನದ್ದೇನೂ ತಪ್ಪಿಲ್ಲ ಎಂದರಂತೆ. ಪ್ರಜ್ವಲ್ ಇದನ್ನು ನನಗೆ ಫೋನಿನಲ್ಲಿ ಹೇಳಿದ. ಈ ಸಲ ಕೂಗದೆ, ಮೆಲ್ಲಗೆ ಮಾತಾಡಿದ.

ಒಂದು ತಿಂಗಳ ಮೇಲೆ ಆಫೀಸಿನ ಗೇಟಿನಿಂದ ಕರೆ ಬಂತು. ಒಬ್ಬ ಅಜ್ಜಿ ದೊಡ್ಡ ಚೀಲ ತಂದಿದ್ದಾರೆ, ಅದರ ತುಂಬ ನಮ್ಮ ಕಂಪನಿಯದೇ ಮಾಲು ಎಂದ ಕಾವಲುಗಾರ. ಮಾಲು ಹೊರಗೆ ಹೋಗಲಿಕ್ಕೆ ಪಾಸ್ ಉಂಟು, ಒಳಗೆ ಬರಲಿಕ್ಕೆ ಯಾವ ಪಾಸೂ ಇಲ್ಲ, ಏನು ಮಾಡಲಿ ಎಂಬುದು ಅವನ ಕಷ್ಟ. ಇಳಿದು ಹೋದೆ. ಕಮಲಕ್ಕ! ನಾನು ಊಹಿಸಿದ್ದಕ್ಕಿಂತ ಗಿಡ್ಡ, ಮುಡಿಯಲ್ಲಿ ಅಬ್ಬಲಿಗೆ. ಚೀಲದಲ್ಲಿ ಮುಲಾಮು, ದ್ರಾವಣ, ಸ್ಯಾನಿಟೈಸರ್, ಎಲ್ಲವೂ.

"ಇದನ್ನು ನೀವೇ ಇಟ್ಕೊಳ್ಳಿ. ಮನೆಯಲ್ಲಿದ್ರೆ ನನ್ನ ಕೈ ಸುಮ್ಮನಿರುದಿಲ್ಲ" ಎಂದರು. ಆಮೇಲೆ ದನಿ ಕುಗ್ಗಿತು. "ಸೊಸೆ ನನಗೆ ಬೈದು ಒಂದು ಮಾತೂ ಹೇಳ್ಲಿಲ್ಲ. ಹೇಳಿದ್ರೆ ಒಳ್ಳೆದಿತ್ತು. ನನ್ನ ಕೈಯ್ಯಾರೆ ಮಗುವಿಗೆ ಹೀಗೆ ಮಾಡಿದೆ ಅಲ್ವಾ?"

ಅಷ್ಟರಲ್ಲಿ ಶೆಣೈ ಸರ್ ಬಂದಿದ್ದರು. "ಆಸ್ಪತ್ರೆಯಲ್ಲೂ ಹಚ್ಚುದು ಇದನ್ನೇ ಅಮ್ಮ. ನೀವು ಹಚ್ಚಿದ್ದು ತಪ್ಪಲ್ಲ, ನಿಲ್ಲಿಸ್ಲಿಲ್ಲ ಅಷ್ಟೇ. ಇನ್ನು ಸಾದಾ ಸೋಪು ಸಾಕು" ಎಂದರು. ಕಂಪನಿಯ ಗೇಟಿನಲ್ಲಿ ನಿಂತು, ಕಾವಲುಗಾರನ ಎದುರೇ, ಗಟ್ಟಿಯಾಗಿ ಹೇಳಿದರು. ಕಮಲಕ್ಕ ಕಣ್ಣೊರೆಸಿಕೊಂಡು ಚೀಲದ ಅಡಿಯಿಂದ ಒಂದು ಡಬ್ಬಿ ತೆಗೆದು ಕೊಟ್ಟರು. ಕೆಸುವಿನ ಎಲೆಯ ಪತ್ರೊಡೆ. ಅದಕ್ಕೂ ಪಾಸ್ ಬೇಕೇ ಎಂದು ಕಾವಲುಗಾರ ಕೇಳಲಿಲ್ಲ; ಒಂದು ತುಂಡು ಅವನಿಗೂ ಸಿಕ್ಕಿತು.

ಪ್ರಧಾನ್ ಸಾಹೇಬರು ತಾವು ಬರೆದುಕೊಟ್ಟಿದ್ದ ಉತ್ತರವನ್ನು ತಾವೇ ತಿದ್ದಿದರು. ವೈದ್ಯರನ್ನು ಸಂಪರ್ಕಿಸಿ ಎಂಬುದಕ್ಕೆ ಮೊದಲು, ಹೊಲಿಗೆಗೆ, ಗಾಯಕ್ಕೆ, ಎದೆಗೆ ಏನಾದರೂ ಹಚ್ಚುತ್ತಿದ್ದೀರಾ, ಹಚ್ಚುವುದೂ ಔಷಧವೇ, ಅದನ್ನು ವೈದ್ಯರಿಗೆ ತೋರಿಸಿ ಎಂಬ ಮಾತುಗಳು ಸೇರಿದವು. ಮುಲಾಮಿನ ಪೆಟ್ಟಿಗೆಯ ಮೇಲಿನ ಎಚ್ಚರಿಕೆಯ ಅಕ್ಷರಗಳೂ ಸ್ವಲ್ಪ ದಪ್ಪವಾದವು. ಅದಕ್ಕೆ ಎಷ್ಟು ಮೀಟಿಂಗ್ ಆಯಿತೆಂದು ಕೇಳಬೇಡಿ.

ನಾನು ನಿವೃತ್ತಳಾಗುವ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಫೋನು ಬಂತು. ಎತ್ತಿದರೆ ಮಾತೇ ಇಲ್ಲ, ಕಿವಿ ಕಿತ್ತುಹೋಗುವಂಥ ಅಳು. ಆ ಅಳುವಿನ ಮೇಲಿಂದ ಕಮಲಕ್ಕ ಕೂಗಿದರು, "ಕೇಳ್ತದಾ? ಹಾಲು ಒಂದು ಗಳಿಗೆ ತಡ ಆದದ್ದಕ್ಕೆ! ರಕ್ತದ ರಿಪೋರ್ಟು ಸರಿ ಬಂತು. ಮದ್ದೂ ನಿಲ್ಲಿಸಿದ್ರು. ನಿಮ್ಮ ಆ ಸಾಹೇಬ್ರಿಗೂ ಕೇಳಿಸಿ!" ನಾನು ಸ್ಪೀಕರ್ ಹಾಕಿದೆ. ಶೆಣೈ ಸರ್ ಇಳಿದು ಬಂದರು, ಪ್ರಧಾನ್ ಸಾಹೇಬರು ಬಾಗಿಲಿಗೆ ಬಂದು ನಿಂತರು. ಆಫೀಸಿಗೆ ಆಫೀಸೇ ಆ ಕೂಸಿನ ಬೊಬ್ಬೆಯನ್ನು ಕೇಳಿತು. ಆಮೇಲೆ ಅದು ಥಟ್ಟನೆ ನಿಂತು, ಚಪ್ಪರಿಸುವ ಸದ್ದು ಕೇಳಿಸಿತು.

ಪ್ರತಿ ಕರೆಯನ್ನೂ ವಿಚಾರಣೆ, ದೂರು, ಮೆಚ್ಚುಗೆ ಎಂದು ಕಂಪ್ಯೂಟರಿನಲ್ಲಿ ವಿಂಗಡಿಸಿ ಹಾಕಬೇಕಿತ್ತು. ಹೊಸದಾಗಿ ಸೇರಿದ್ದ ಹುಡುಗಿ ಇದನ್ನು ಯಾವುದರಲ್ಲಿ ಹಾಕಲಿ ಎಂದು ಕೇಳಿದಳು.

"ಕಂಪ್ಲೇಂಟ್" ಎಂದರು ಪ್ರಧಾನ್ ಸಾಹೇಬರು ಮುಖ ಗಂಭೀರ ಮಾಡಿಕೊಂಡು. "ರಡತೇ ಆಹೇ ನಾ!" ಅಳುತ್ತಿದೆಯಲ್ಲ!

ಹಾಗೆಯೇ ದಾಖಲಾಯಿತು. ದೂರಿಗೆ ಕೈಗೊಂಡ ಪರಿಹಾರವೇನು ಎಂದು ಕಂಪ್ಯೂಟರು ಕೇಳಿತು. ನಾನು ಹುಡುಗಿಯನ್ನು ಸರಿಸಿ ಕುಳಿತು, "ಹಾಲು ಕುಡಿಸಲಾಯಿತು" ಎಂದು ಟೈಪ್ ಮಾಡಿದೆ.